ಎಂಜಿನ್ ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದೆಯೇ? ಖುಷಿಪಡುವ ಮೊದಲು ಇದನ್ನು ಓದಿ

“ನಮ್ಮ ಗಾಡಿ ಒಂದ್ ಹನಿ ಆಯಿಲ್ ಕುಡಿಯಂಗಿಲ್ಲ ನೋಡ್ರಿ. ಕುಡಿಯೂದು ಒತ್ತಟ್ಟಿಗಿರ್ಲಿ, ಹಾಕಿದ್ದಕ್ಕಿಂತ ಮ್ಯಾಲ ಏರೇತಿ!”

ವಿಜಯಪುರ ಜಿಲ್ಲೆ ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ರೈತರೊಬ್ಬರು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಹೊರಗೆಳೆದು ನಮಗೆ ಹೆಮ್ಮೆಯಿಂದ ತೋರಿಸಿದರು. ಸಾಲ ಮಾಡಿ ಕೊಂಡ ಟರ್ಬೊ ಪೆಟ್ರೋಲ್ ಕಾರು. ಕೊಂಡು ಒಂದು ವರ್ಷವೂ ಆಗಿಲ್ಲ. ಕಡ್ಡಿಯ ಮೇಲಿನ ಗುರುತನ್ನೂ ದಾಟಿ ಆಯಿಲ್ ಅಂಟಿತ್ತು. ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. “ಗ್ಯಾರೇಜಿನಾಗ ಕೇಳಿದ್ರ, ಹೆಚ್ಚಾಗಿದ್ದು ಒಂದೀಟು ತೆಗೆದುಬಿಟ್ರ ಆತು ಅಂದ್ರು,” ಎಂದರು.

ಆಯಿಲ್ ಕಡಿಮೆಯಾದರೆ ಎಂಜಿನ್ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಕಡಿಮೆಯಾಗದಿದ್ದರೆ, ಅಥವಾ ಹೆಚ್ಚಾದರೆ, ಎಂಜಿನ್ ಗಟ್ಟಿಯಾಗಿದೆ ಎಂದರ್ಥವೇ? ಅಲ್ಲ. ಆಯಿಲ್ ತಾನಾಗಿ ಹುಟ್ಟುವುದಿಲ್ಲ. ಮಟ್ಟ ಏರಿದೆ ಎಂದರೆ ಅದರೊಳಗೆ ಬೇರೇನೋ ಸೇರಿದೆ. ಇಲ್ಲಿ ಸೇರಿದ್ದು ಪೆಟ್ರೋಲ್.

ಇಂಧನ ಆಯಿಲಿಗೆ ಸೇರುವುದು ಹೇಗೆ?

ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಂಧನವನ್ನು ಸಿಲಿಂಡರಿನ ಹೊರಗೆ, ಗಾಳಿ ಒಳಬರುವ ದಾರಿಯಲ್ಲಿ ಸಿಂಪಡಿಸಲಾಗುತ್ತಿತ್ತು. ಬಿಸಿಯಾದ ವಾಲ್ವಿಗೆ ತಾಗಿ ಅದು ಆವಿಯಾಗಿ, ಗಾಳಿಯೊಂದಿಗೆ ಬೆರೆತು ಒಳಗೆ ಹೋಗುತ್ತಿತ್ತು. ಇದಕ್ಕೆ 3–4 ಬಾರ್ ಒತ್ತಡ ಸಾಕಾಗುತ್ತಿತ್ತು.

ಈಗಿನ ಜಿಡಿಐ, ಟಿಎಸ್‌ಐ, ಟಿಜಿಡಿಐ ಎಂದು ಹೆಸರಿರುವ ಎಂಜಿನ್‌ಗಳಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನ ಒಳಕ್ಕೇ ಚಿಮ್ಮಿಸಲಾಗುತ್ತದೆ. ಒತ್ತಡ ಸಾಮಾನ್ಯವಾಗಿ 200ರಿಂದ 350 ಬಾರ್. ಇದರಿಂದ ಸಣ್ಣ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ, ಇಂಧನವೂ ಉಳಿಯುತ್ತದೆ. ಆದರೆ ಪೆಟ್ರೋಲ್ ಆವಿಯಾಗಲು ಸಿಗುವ ಸಮಯ ಕೆಲವು ಮಿಲಿಸೆಕೆಂಡು ಮಾತ್ರ, ಜಾಗವೂ ಕಿರಿದು. ಆವಿಯಾಗದ ಹನಿಗಳು ಸಿಲಿಂಡರಿನ ಗೋಡೆಗೆ ಹೋಗಿ ಬಡಿಯುತ್ತವೆ.

ಎಂಜಿನ್ ತಣ್ಣಗಿದ್ದಾಗ ಇದು ಇನ್ನೂ ಹೆಚ್ಚು. ತಣ್ಣನೆಯ ಲೋಹದ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದನ್ನು ಸರಿದೂಗಿಸಲು ಎಂಜಿನ್ನಿನ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಬಿಡುತ್ತದೆ. ಗೋಡೆಗೆ ಅಂಟಿದ ಪೆಟ್ರೋಲ್ ಅಲ್ಲಿದ್ದ ಆಯಿಲಿನ ತೆಳು ಪದರವನ್ನು ತೊಳೆದು, ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಟರ್ಬೊ ಇದ್ದರೆ ಸಿಲಿಂಡರಿನ ಒಳಗಿನ ಒತ್ತಡ ಹೆಚ್ಚಾಗಿ, ರಿಂಗುಗಳನ್ನು ದಾಟಿ ಕೆಳಗೆ ನುಗ್ಗುವ ಅನಿಲವೂ ಹೆಚ್ಚುತ್ತದೆ.

ಸೇರಿದ್ದು ಹೊರಗೆ ಹೋಗುವುದಿಲ್ಲವೇ?

ಹೋಗುತ್ತದೆ. ಇಡೀ ವಿಷಯದ ಗುಟ್ಟು ಇರುವುದೇ ಇಲ್ಲಿ.

ಆಯಿಲ್ ಚೆನ್ನಾಗಿ ಕಾದು 90–100 ಡಿಗ್ರಿ ಸೆಲ್ಸಿಯಸ್ ತಲುಪಿ ಸ್ವಲ್ಪ ಹೊತ್ತು ಹಾಗೇ ಇದ್ದರೆ, ಅದರಲ್ಲಿದ್ದ ಪೆಟ್ರೋಲಿನ ಬಹುಪಾಲು ಆವಿಯಾಗುತ್ತದೆ. ಆ ಆವಿಯನ್ನು ಪಿಸಿವಿ ವಾಲ್ವ್ ಎಂಬ ಪುಟ್ಟ ಸಾಧನದ ಮೂಲಕ ಎಂಜಿನ್ ಮತ್ತೆ ಎಳೆದುಕೊಂಡು ಸುಡುತ್ತದೆ. ಅಂದರೆ ಇದೊಂದು ಜಮಾ–ಖರ್ಚಿನ ಲೆಕ್ಕ. ತಣ್ಣಗಿದ್ದಾಗ ಜಮಾ, ಕಾದಾಗ ಖರ್ಚು.

ಇದು ಹೊಸ ತಿಳಿವಳಿಕೆಯೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಡುಚಳಿಯ ಪ್ರದೇಶಗಳ ವಿಮಾನಗಳಲ್ಲಿ, ಎಂಜಿನ್ ನಿಲ್ಲಿಸುವ ಮುಂಚೆ ಬೇಕೆಂದೇ ಆಯಿಲಿಗೆ ಪೆಟ್ರೋಲ್ ಬೆರೆಸುತ್ತಿದ್ದರು. ರಾತ್ರಿ ಆಯಿಲ್ ಗಟ್ಟಿಯಾಗದೆ, ಬೆಳಿಗ್ಗೆ ಎಂಜಿನ್ ಸುಲಭವಾಗಿ ತಿರುಗಲಿ ಎಂದು. ಎಂಜಿನ್ ಕಾದ ಮೇಲೆ ಆ ಪೆಟ್ರೋಲ್ ಆವಿಯಾಗಿ ಹೋಗುತ್ತಿತ್ತು.

ನಿಡೋಣಿಯ ಆ ಕಾರಿನ ದಿನಚರಿ ನೋಡಿ. ಬೆಳಿಗ್ಗೆ ಮನೆಯಿಂದ ತೋಟಕ್ಕೆ 3 ಕಿ.ಮೀ., ವಾಪಸ್ 3 ಕಿ.ಮೀ. ಮಧ್ಯಾಹ್ನ ಮತ್ತೊಮ್ಮೆ, ಸಂಜೆ ಮಕ್ಕಳನ್ನು ಕರೆತರಲು ಇನ್ನೊಮ್ಮೆ. ಪ್ರತಿ ಸಲವೂ ಐದಾರು ನಿಮಿಷ ಓಡಿ ನಿಲ್ಲುತ್ತದೆ. ಆಯಿಲ್ ಕಾಯುವುದೇ ಇಲ್ಲ. ಜಮಾ ಮಾತ್ರ, ಖರ್ಚಿಲ್ಲ.

“ಆದ್ರ ಮೀಟರಿನಾಗ ಕಾಟಾ ನಡುವಿಗೆ ಬರ್ತೈತಲ್ರಿ?” ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಸಾಮಾನ್ಯ ಕಾರುಗಳ ಮೀಟರ್ ತೋರಿಸುವುದು ರೇಡಿಯೇಟರ್ ನೀರಿನ, ಅಂದರೆ ಕೂಲಂಟಿನ ಬಿಸಿಯನ್ನು. ಆಯಿಲ್ ಅದಕ್ಕಿಂತ ನಿಧಾನವಾಗಿ ಕಾಯುತ್ತದೆ. ಕಾಟಾ ನಡುವಿಗೆ ಬಂದ ಎಷ್ಟೋ ನಿಮಿಷಗಳ ನಂತರವಷ್ಟೇ ಆಯಿಲ್ ಪೂರ್ತಿ ಬಿಸಿಯಾಗುತ್ತದೆ.

ಆಯಿಲ್ ತೆಳುವಾದರೆ ಏನಾಗುತ್ತದೆ?

ಚಕ್ಕಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ನೆನಪಿಸಿಕೊಳ್ಳಿ. ಅದಕ್ಕೆ ಸೀಮೆಎಣ್ಣೆ ಬೆರೆಸಿ ಹಚ್ಚಿದರೆ ಏನಾದೀತು? ಹಚ್ಚಿದ್ದು ಹರಿದು ಹೋಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಎಂಜಿನ್ ಒಳಗೂ ಹೀಗೆಯೇ.

ಬೇರಿಂಗುಗಳಲ್ಲಿ ಲೋಹ ಲೋಹಕ್ಕೆ ತಾಗದಂತೆ ತಡೆಯುವ ಆಯಿಲ್ ಪದರ ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳು, ಕೆಲವೇ ಮೈಕ್ರೋಮೀಟರ್. ಆಯಿಲ್ ನೀರಾದಷ್ಟೂ ಈ ಪದರ ಇನ್ನೂ ತೆಳುವಾಗುತ್ತದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಆಸರೆಯೂ ತಂಪೂ ಇದೇ ಆಯಿಲ್. ಟೈಮಿಂಗ್ ಚೈನಿನ ಸವಕಳಿಯೂ ಹೆಚ್ಚಬಹುದು. ಮೇಲಾಗಿ, ಸವಕಳಿ ತಡೆಯಲು ಆಯಿಲಿಗೆ ಬೆರೆಸಿರುವ ರಾಸಾಯನಿಕಗಳೂ ತಮ್ಮ ಪ್ರಮಾಣಕ್ಕಿಂತ ಕಡಿಮೆಯಾಗುತ್ತವೆ.

ಇನ್ನೊಂದು ಅಪಾಯವೂ ಇದೆ. ಗೋಡೆಯ ಮೇಲಿನ ಆಯಿಲ್–ಪೆಟ್ರೋಲ್ ಮಿಶ್ರಣದ ಹನಿ ಸಿಡಿದು, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ತಾನೇ ಹೊತ್ತಿಕೊಳ್ಳಬಹುದು. ಕಡಿಮೆ ವೇಗದಲ್ಲಿ, ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಇದು ಆಗುವ ಸಂಭವ ಹೆಚ್ಚು. ಎಂಜಿನಿಯರುಗಳು ಇದನ್ನು ಎಲ್‌ಎಸ್‌ಪಿಐ ಎನ್ನುತ್ತಾರೆ. ಜೋರಾದರೆ ಪಿಸ್ಟನ್ನೇ ಒಡೆಯುತ್ತದೆ. ಇದನ್ನು ತಡೆಯಲೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆಗಳು ಬಂದವು.

ನಮ್ಮ ಬಿಸಿಲೂರಿನಲ್ಲೂ ಇದು ಆಗುತ್ತದೆಯೇ?

ಈ ತೊಂದರೆ ಜಗತ್ತಿನ ಗಮನಕ್ಕೆ ದೊಡ್ಡದಾಗಿ ಬಂದದ್ದು 2018ರಲ್ಲಿ, ಚಳಿಯ ನಾಡುಗಳಿಂದ. ಹೋಂಡಾ ಕಂಪನಿಯ 1.5 ಲೀಟರ್ ಟರ್ಬೊ ಎಂಜಿನ್ ಇದ್ದ ಸಿಆರ್‌-ವಿ ಕಾರುಗಳಲ್ಲಿ ಆಯಿಲ್ ಮಟ್ಟ ಏರುತ್ತಿದೆ ಎಂದು ಚೀನಾದ ಮಾಲೀಕರು ದೂರಿದರು. ಅಲ್ಲಿ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಬೇಕಾಯಿತು. ಎಂಜಿನ್ ಬೇಗ ಕಾಯುವಂತೆ ಸಾಫ್ಟ್‌ವೇರ್ ಬದಲಿಸುವುದು ಪರಿಹಾರದ ಒಂದು ಭಾಗವಾಗಿತ್ತು. ಅಮೆರಿಕದಲ್ಲಿ ಎಂಜಿನ್ ವಾರಂಟಿಯನ್ನು ವಿಸ್ತರಿಸಲಾಯಿತು.

ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಇಲ್ಲಿ ಅಪಾಯ ಅವರಿಗಿಂತ ಕಡಿಮೆ ಎಂಬುದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. 40 ಡಿಗ್ರಿ ಎಂಬುದು ನಮಗೆ ಉರಿಬಿಸಿಲು, 90 ಡಿಗ್ರಿ ಬೇಕಾದ ಆಯಿಲಿಗೆ ಅದು ಇನ್ನೂ ತಣ್ಣಗೆ.

ಇ20 ಪೆಟ್ರೋಲಿನ ಪಾತ್ರವೂ ಸ್ವಲ್ಪ ಇದೆ. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಅದರ ಶಕ್ತಿ ಮಾತ್ರ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹೀಗಾಗಿ ತಣ್ಣಗಿನ ಎಂಜಿನ್ನಿನಲ್ಲಿ ಗೋಡೆ ತೋಯುವುದು ತುಸು ಹೆಚ್ಚಬಹುದು. ಆದರೆ ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಗಾಡಿ ಚೆನ್ನಾಗಿ ಓಡಿದರೆ ಅದೂ ಹಾರಿಹೋಗುತ್ತದೆ.

ಡೀಸೆಲ್ ಗಾಡಿಯವರು ನಿಶ್ಚಿಂತರೇ?

ಅಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್‌6 ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಬಂತು. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಡಬೇಕು. ಅದಕ್ಕಾಗಿ ಅನೇಕ ಎಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಬಿಡುತ್ತವೆ. ಅದರಲ್ಲಿ ಸ್ವಲ್ಪ ಗೋಡೆಗೆ ಅಂಟಿ ಆಯಿಲಿಗೆ ಇಳಿಯುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ಗಾಡಿ ನಿಲ್ಲಿಸಿದರೆ ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಪೆಟ್ರೋಲಿನಂತೆ ಡೀಸೆಲ್ ಸುಲಭವಾಗಿ ಆವಿಯಾಗುವುದಿಲ್ಲ. ಒಮ್ಮೆ ಸೇರಿದರೆ ಬಹುಪಾಲು ಅಲ್ಲೇ ಉಳಿಯುತ್ತದೆ.

ನಂಬಿಕೆಗಳು ಮತ್ತು ನಿಜ

*“ಹೆಚ್ಚಾದಷ್ಟು ಆಯಿಲ್ ತೆಗೆದರೆ ಸಾಕು.”* ತಪ್ಪು. 4 ಲೀಟರ್ ಆಯಿಲಿಗೆ 400 ಮಿ.ಲೀ. ಪೆಟ್ರೋಲ್ ಸೇರಿದೆ ಎಂದುಕೊಳ್ಳಿ. ಒಟ್ಟು 4.4 ಲೀಟರ್, ಅದರಲ್ಲಿ ಪೆಟ್ರೋಲ್ ಶೇ. 9. ಇದರಿಂದ 400 ಮಿ.ಲೀ. ತೆಗೆದರೆ ಹೊರಗೆ ಬರುವುದು ಮಿಶ್ರಣವೇ ಹೊರತು ಬರೀ ಪೆಟ್ರೋಲ್ ಅಲ್ಲ. ಉಳಿದ 4 ಲೀಟರಿನಲ್ಲಿ ಇನ್ನೂ ಸುಮಾರು 360 ಮಿ.ಲೀ. ಪೆಟ್ರೋಲ್ ಇರುತ್ತದೆ. ಕಡ್ಡಿಯ ಗುರುತು ಸರಿಹೋಯಿತು, ಆಯಿಲ್ ಸರಿಹೋಗಲಿಲ್ಲ.

*“ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡಬೇಕು.”* ಇಂಥ ಎಂಜಿನ್‌ಗಳಿಗೆ ಇದು ಒಳ್ಳೆಯದಲ್ಲ. ನಿಂತಲ್ಲೇ ಓಡುವ ಎಂಜಿನ್ ನಿಧಾನವಾಗಿ ಕಾಯುತ್ತದೆ, ಅಷ್ಟೂ ಹೊತ್ತು ಹೆಚ್ಚುವರಿ ಪೆಟ್ರೋಲ್ ಗೋಡೆ ತೊಳೆಯುತ್ತದೆ. ಅರ್ಧ ನಿಮಿಷ ಬಿಟ್ಟು, ಮೊದಲ ಕೆಲವು ಕಿ.ಮೀ. ಮೆಲ್ಲಗೆ ಓಡಿಸುವುದೇ ಸರಿ.

*“ದಪ್ಪ ಆಯಿಲ್ ಹಾಕಿದರೆ ಸಮಸ್ಯೆ ಮುಗಿಯಿತು.”* ಮುಗಿಯುವುದಿಲ್ಲ. ಪೆಟ್ರೋಲ್ ಸೇರುವುದು ನಿಲ್ಲದು, ವಾರಂಟಿಗೂ ತಕರಾರು ಬರಬಹುದು. ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ.

*“ಆಯಿಲ್ ಕಪ್ಪಾಗಿಲ್ಲ, ಅಂದರೆ ಚೆನ್ನಾಗಿದೆ.”* ಬಣ್ಣ ನೋಡಿ ಪೆಟ್ರೋಲ್ ಬೆರಕೆ ಗೊತ್ತಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

- ಸರ್ವಿಸ್ ಆದ ದಿನವೇ ಆಯಿಲ್ ಮಟ್ಟದ ಫೋಟೊ ತೆಗೆದಿಡಿ. ಗ್ಯಾರೇಜಿನಲ್ಲೇ ಹೆಚ್ಚು ಸುರಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.
- 15 ದಿನಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ, ವಾಸನೆಯನ್ನೂ ನೋಡಿ. ಕಡ್ಡಿಯ ಹತ್ತಿರ ಬೆಂಕಿಕಡ್ಡಿ, ಬೀಡಿ ತರಲೇಬೇಡಿ.
- ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗೂ ಹೆಚ್ಚು ಒಂದೇ ಸಮನೆ ಓಡಿಸಿ. ಹಲವು ಸಣ್ಣ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ.
- ಬರೀ ಸಣ್ಣ ದೂರ ಓಡಿಸುವವರು ಕಾರಿನ ಪುಸ್ತಕದಲ್ಲಿ ಕಠಿಣ ಬಳಕೆಗೆ ಎಂದು ಹೇಳಿರುವ ಅವಧಿಯಲ್ಲಿ, ಅಂದರೆ ಮಾಮೂಲಿಗಿಂತ ಬೇಗ, ಆಯಿಲ್ ಬದಲಿಸಿ.
- ಮಟ್ಟ ಮೇಲಿನ ಗುರುತು ದಾಟಿದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಮತ್ತೆ ಬೇಗ ಏರಿದರೆ ಥರ್ಮೊಸ್ಟಾಟ್, ಇಂಜೆಕ್ಟರ್, ಹೈ ಪ್ರೆಶರ್ ಪಂಪ್ ಪರೀಕ್ಷಿಸಲು ಹೇಳಿ. ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ವಾರಂಟಿ ಕೇಳುವಾಗ ಬಾಯಿಮಾತಿಗೆ ಬೆಲೆಯಿಲ್ಲ.
- ಆಯಿಲ್ ಹಾಲು ಬೆರೆತ ಚಹಾದಂತೆ ಕಂಡು, ಕೂಲಂಟ್ ಕಡಿಮೆಯಾಗುತ್ತಿದ್ದರೆ ಅದು ಬೇರೆ ಕಾಯಿಲೆ. ಗಾಡಿ ಓಡಿಸದೆ ಮಿಸ್ತ್ರಿಯನ್ನು ಕರೆಸಿ.

ಖಚಿತ ಉತ್ತರ ಬೇಕಿದ್ದರೆ ಪ್ರಯೋಗಾಲಯದ ಆಯಿಲ್ ಪರೀಕ್ಷೆಯೊಂದೇ ದಾರಿ. ಶೇ. 1–2ರಷ್ಟು ಬೆರಕೆ ಇಂಥ ಎಂಜಿನ್‌ಗಳಲ್ಲಿ ಅಪರೂಪವಲ್ಲ. ಶೇ. 5 ದಾಟಿದರೆ ಸಾಮಾನ್ಯವಾಗಿ ಗಂಭೀರವೆಂದು ಎಣಿಸಲಾಗುತ್ತದೆ.

ಇನ್ನೊಂದು ಮಾತು. ಸಣ್ಣ ದೂರ ಓಡಿಸುವವರು ಒಂದು ದಿನ ಲಾಂಗ್ ಹೋಗಿಬಂದ ಮೇಲೆ ಆಯಿಲ್ ಮಟ್ಟ ಥಟ್ಟನೆ ಇಳಿದಿರುವುದುಂಟು. ಎಂಜಿನ್ ಆಯಿಲ್ ಕುಡಿಯಿತು ಎಂದು ಗಾಬರಿಯಾಗಬೇಡಿ. ಹಾರಿಹೋದದ್ದು ಪೆಟ್ರೋಲ್ ಇರಬಹುದು. ಆದರೆ ಮಟ್ಟ ಕೆಳಗಿನ ಗುರುತಿಗೆ ಬಂದಿದ್ದರೆ ಆಯಿಲ್ ತುಂಬಿಸಲೇಬೇಕು.

ನಿಡೋಣಿಯ ಆ ರೈತರು ಆಯಿಲ್, ಫಿಲ್ಟರ್ ಬದಲಿಸಿದರು. ತೋಟಕ್ಕೆ ಈಗ ಬೈಕಿನಲ್ಲಿ ಹೋಗುತ್ತಾರೆ. ವಾರದ ಸಂತೆ, ಬ್ಯಾಂಕು, ಆಸ್ಪತ್ರೆ ಎಂದು ವಿಜಯಪುರಕ್ಕೆ ಹೋಗುವ ದಿನ ಕಾರು ಹೊರಡುತ್ತದೆ. ಮೊನ್ನೆ ಕಡ್ಡಿಯ ಫೋಟೊ ಕಳಿಸಿದ್ದರು. ಆಯಿಲ್ ಎರಡು ಗುರುತುಗಳ ನಡುವೆಯೇ ಇತ್ತು. ಕೆಳಗೆ ಬರೆದಿದ್ದರು: “ಈಗ ಮ್ಯಾಲ ಏರಿಲ್ರಿ. ಸಾಲದ ಕಂತು ಇನ್ನೂ ನಾಕು ವರ್ಷ ಐತಿ, ಅಲ್ಲೀತನಕ ಎಂಜಿನ್ ಬಾಳಬೇಕ್ರಿ.”