ಹೊಲ ನಮ್ಮದು, ಮರ ಮುಂದಿನವರದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಒಕ್ಕಲಿಗನಿಗೆ ನೆರೆಯವನ ಹೊಲದಲ್ಲಿ ಹಾಯ್ದು ಹೋಗುವ ದಾರಿಯ ಹಕ್ಕು ಹೊಸತಲ್ಲ; 1882ರ ಕಾಯಿದೆಯೇ ಅಂಥ ಹಕ್ಕನ್ನು ಮನ್ನಿಸಿದೆ. ಆದರೆ ಹೊಲದ ಮರಕ್ಕೂ ಅದರಲ್ಲಿಯ ಹಕ್ಕಿಗೂ ಹಕ್ಕುಂಟೇ?

ಅಮೇರಿಕೆಯಲ್ಲಿ ಭೂಮಿಯೊಡೆಯನು ಒಡೆತನವನ್ನು ಉಳಿಸಿಕೊಂಡು, ನೆಲವನ್ನು ಕೆಡಿಸುವ ಅಧಿಕಾರವನ್ನು ಮಾತ್ರ ಕರಾರಿನಿಂದ ಬಿಟ್ಟುಕೊಡಬಹುದು. ಮುಂದೆ ಕೊಂಡವರೂ ಅದಕ್ಕೆ ಬದ್ಧರು. ನಮ್ಮಲ್ಲಿ ಇದಕ್ಕೆ ಸಮೀಪವಾದುದು ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2003ರಲ್ಲಿ ಸೇರಿದ ‘ಸಮುದಾಯ ಮೀಸಲು’. ಒಡೆಯನು ತಾನಾಗಿ ಮುಂದೆ ಬಂದರೆ ಸರಕಾರವು ಖಾಸಗಿ ಭೂಮಿಯನ್ನೂ ಹಾಗೆ ಸಾರಬಹುದು. ಬಳಿಕ ಸಮಿತಿಯ ಠರಾವು, ಸರಕಾರದ ಒಪ್ಪಿಗೆಗಳಿಲ್ಲದೆ ಅದರ ಬಳಕೆಯನ್ನು ಬದಲಿಸಲಾಗದು. ಹಿತ್ತಲ ಹುಣಿಸೆಮರಗಳಲ್ಲಿ ಹೆಜ್ಜಾರ್ಲೆಗಳಿಗೆ ಎಡೆಗೊಟ್ಟ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರು 2007ರಲ್ಲಿ ಈ ಮನ್ನಣೆಯನ್ನು ಪಡೆಯಿತು.

ವಾಟಣಿಯ ದಿನ ಅಜ್ಜ ನೆಟ್ಟ ಮರವು ಯಾರ ಪಾಲಿಗೆಂದು ಕೇಳುವ ಮೊದಲು, ಅದು ಉಳಿಯುವ ಬಗೆಯನ್ನು ವಾಚಕರು ಯೋಚಿಸಲೆಂದು ನಾವು ಬಯಸುತ್ತೇವೆ.