ನೆಲದ ಟೈಲ್ಸ್ ಏಕೆ ಮೇಲೇಳುತ್ತವೆ?

ಬೇಸಿಗೆಯ ಒಂದು ಮಧ್ಯಾಹ್ನ ಹಾಲ್‌ನಲ್ಲಿ ಪಟಾಕಿ ಹೊಡೆದಂತೆ ಸದ್ದು. ಹೋಗಿ ನೋಡಿದರೆ ಎರಡು ಟೈಲ್ಸ್ ಒಂದಕ್ಕೊಂದು ತಲೆಕೊಟ್ಟು ಗುಡಿಸಲಿನ ಸೂರಿನಂತೆ ಎದ್ದು ನಿಂತಿವೆ. ಹಾಸಿ ಎರಡು ವರ್ಷವೂ ಆಗಿಲ್ಲ. ಟೈಲ್ಸ್ ಕಳಪೆಯೆಂದು ಮೇಸ್ತ್ರಿ, ಕೆಲಸ ಕಳಪೆಯೆಂದು ಅಂಗಡಿಯವರು. ನಮ್ಮ ಮನೆಯಲ್ಲೇ ನಡೆದ ಸಂಗತಿ ಇದು. ನಿಮ್ಮ ಮನೆಯಲ್ಲಿ ಹೀಗಾಗದಿರಬೇಕಾದರೆ ಕಾರಣವನ್ನು ಕೆಲಸ ಶುರುವಾಗುವ ಮೊದಲೇ ತಿಳಿದಿರುವುದು ಒಳ್ಳೆಯದು.

ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ. ಲೆಕ್ಕಕ್ಕೆ ಮೀಟರಿಗೆ ಸುಮಾರು 0.3 ಮಿಲಿಮೀಟರ್ ಎಂದು ಹಿಡಿಯುತ್ತಾರೆ. ಆರು ಮೀಟರ್ ಉದ್ದದ ಹಾಲ್‌ಗೆ ಇದು ಹತ್ತಿರ ಹತ್ತಿರ 2 ಮಿಲಿಮೀಟರ್ ಆಯಿತು. ಈ ಕುಗ್ಗುವಿಕೆ ಒಂದು ತಿಂಗಳಲ್ಲಿ ಮುಗಿಯುವುದಿಲ್ಲ, ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಭಟ್ಟಿಯಲ್ಲಿ ಬೆಂದುಬಂದ ಟೈಲ್ ಮಾತ್ರ ಕುಗ್ಗುವುದಿಲ್ಲ. ಬಿಸಿಲು ಬಿದ್ದರೆ ಒಂದಿಷ್ಟು ಹಿಗ್ಗುತ್ತದೆ. ಕೆಳಗಿನದು ಕಿರಿದಾಗುತ್ತಿದೆ, ಮೇಲಿನದು ಹಾಗೇ ಇದೆ. ಟೈಲ್ಸ್ ಸಾಲು ಎರಡೂ ಕಡೆ ಗೋಡೆಗೆ ಒತ್ತಿಕೊಂಡಿದ್ದರೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿ? ಮೇಲಕ್ಕೇ ಏಳಬೇಕು.

ಎರಡು ಮಿಲಿಮೀಟರಿಗೆ ಇಷ್ಟು ರಾದ್ಧಾಂತವೇ ಎಂದು ನೀವು ಕೇಳಬಹುದು. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಕೆಲಸಕ್ಕೆ ಬರುತ್ತದೆ. 60 ಸೆಂಟಿಮೀಟರಿನ ಎರಡು ಟೈಲ್ಸ್‌ಗಳ ಹೊರ ಅಂಚುಗಳು ಪರಸ್ಪರ 2 ಮಿಲಿಮೀಟರ್ ಹತ್ತಿರ ಬಂದರೆ ಅವು ಕೂಡುವ ಜಾಗ ನೆಲದಿಂದ ಸುಮಾರು ಮೂರೂವರೆ ಸೆಂಟಿಮೀಟರ್ ಮೇಲಕ್ಕೇಳುತ್ತದೆ. ಲೆಕ್ಕ ಹಾಕಿ ನೋಡಿದಾಗ ನನಗೂ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹಾಕಿದೆ.

ಆದ್ದರಿಂದ ಗೋಡೆಯ ಬುಡದುದ್ದಕ್ಕೂ ಐದಾರು ಮಿಲಿಮೀಟರ್ ಖಾಲಿ ಬಿಡಿಸಿ. ಸ್ಕರ್ಟಿಂಗ್ ಹಾಕಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಆ ಸಂದಿಗೆ ಗಾರೆ ತುಂಬಿಸಿದರೆ ಮಾತ್ರ ಬಿಟ್ಟೂ ಬಿಡದಂತೆ. ಟೈಲ್ಸ್ ನಡುವೆ ಸ್ಪೇಸರ್ ಇಟ್ಟು ಎರಡು ಮೂರು ಮಿಲಿಮೀಟರ್ ಸಂದು ಇರಲಿ. ‘ಸಂದೇ ಕಾಣಬಾರದು, ಒಂದೇ ಕಲ್ಲಿನಂತಿರಬೇಕು’ ಎಂದು ಹಟ ಹಿಡಿಯುವವರು ಹೆಚ್ಚಾಗಿ ಮನೆಯವರೇ. ಮೇಸ್ತ್ರಿಯನ್ನು ದೂರಿ ಪ್ರಯೋಜನವಿಲ್ಲ.

ಎರಡನೆಯ ಕಾರಣ ಹಿಡಿತ. ಟೈಲನ್ನು ತಿರುವಿಹಾಕಿ ಬೆನ್ನಿನ ಮೇಲೆ ಒಂದು ಹನಿ ನೀರು ಬಿಡಿ. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ ಅದನ್ನು ಬೇಗ ಹೀರಿಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ ಮೇಲೆ ಹನಿ ಹಾಗೆಯೇ ನಿಂತಿರುತ್ತದೆ, ಏಕೆಂದರೆ ಅದು ಹೀರುವ ನೀರು ತನ್ನ ತೂಕದ ಶೇಕಡಾ 0.5ನ್ನು ಮೀರುವುದಿಲ್ಲ. ಸಿಮೆಂಟ್ ಹಾಲು ಆ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಬೇರೂರಿದರೇ ಹಿಡಿತ. ರಂಧ್ರವೇ ಇಲ್ಲದ ಕಡೆ ಬೇರು ಎಲ್ಲಿ ಇಳಿಯಬೇಕು? ವಿಟ್ರಿಫೈಡ್‌ಗೆ ಪಾಲಿಮರ್ ಬೆರೆತ ಟೈಲ್ ಅಂಟನ್ನೇ ಬಳಸಬೇಕು. ಹಳೆಯ ಅಭ್ಯಾಸದಂತೆ ಅದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದರೆ ಲಾಭವಿಲ್ಲ, ಬೆನ್ನು ಒದ್ದೆಯಾಗಿ ಅಂಟು ಇನ್ನಷ್ಟು ಸೋಲುತ್ತದೆ.

ಅಂಟನ್ನು ಹೇಗೆ ಹಚ್ಚುತ್ತಾರೆಂಬುದನ್ನೂ ನೋಡಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಉಂಡೆ ಇಟ್ಟು ಟೈಲನ್ನು ಒತ್ತಿದರೆ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಅಲ್ಲಿ ಮಂಚದ ಕಾಲು ಬಂದರೆ ಬಿರುಕು. ಬಾಚಣಿಗೆಯಂಥ ಹಲ್ಲುಗಳಿರುವ ಕರಣೆಯಿಂದ ಅಂಟನ್ನು ಪೂರ್ತಿ ಎಳೆದು, ಟೈಲ್ ಇಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು. ಮೊದಲ ಟೈಲ್ ಹಾಕಿದೊಡನೆ ಅದನ್ನು ಎತ್ತಿಸಿ ಬೆನ್ನು ನೋಡಿ: ಅಂಟು ಎಲ್ಲೆಡೆ ತಾಗಿರಬೇಕು. ಮೇಸ್ತ್ರಿಗೆ ಸ್ವಲ್ಪ ಕೋಪ ಬರಬಹುದು. ಒಂದು ಲೋಟ ಕಾಫಿ ಕೊಡಿ.

ಬಚ್ಚಲಿನಲ್ಲಿ ಮಟ್ಟಕ್ಕಿಂತ ಇಳಿಜಾರು ಮುಖ್ಯ. ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ನೀರಿನ ಕಿಂಡಿಯ ಕಡೆಗೆ ತಗ್ಗಿರಲಿ. ಹಿರಿಯರಿರುವ ಮನೆಯಲ್ಲಿ ಅಲ್ಲಿಗೆ ಹೊಳಪಿನ ಟೈಲ್ ಬೇಡವೇ ಬೇಡ.

ಅಂಟು ಗಟ್ಟಿಯಾದ ಮೇಲೆ, ಕೊನೆಯ ಕಂತಿನ ಹಣ ಕೊಡುವ ಮೊದಲು, ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಬಂದರೆ ಸರಿ. ಮಡಕೆ ಬಾರಿಸಿದಂತೆ ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ ಆಗಲೇ ತೆಗೆಸಿ ಹಾಕಿಸಿ. ಐದಾರು ಟೈಲ್ಸ್ ಅಟ್ಟದ ಮೇಲೆ ಉಳಿದಿರಲಿ. ಮುಂದೆ ಅದೇ ಬಣ್ಣ ಸಿಗುವ ಭರವಸೆಯಿಲ್ಲ. ಈಗಾಗಲೇ ಎದ್ದುಬಿಟ್ಟಿದ್ದರೆ ಬರೀ ಅಂಟು ಹಾಕಿ ಅದುಮಬೇಡಿ. ಮೊದಲು ಸ್ಕರ್ಟಿಂಗ್ ಕೀಳಿಸಿ, ಗೋಡೆಯ ಬುಡದಲ್ಲಿ ಸಂದಿ ಕತ್ತರಿಸಿಕೊಂಡು ಆಮೇಲೆ ಕೂರಿಸಿ. ನಾವು ಮೊದಲ ಸಲ ಬರೀ ಅದುಮಿಸಿದೆವು. ಮುಂದಿನ ಬೇಸಿಗೆಗೆ ಪಕ್ಕದ ಎರಡು ಎದ್ದವು.