ಮೂತ್ರಾಂಗ ವ್ಯೂಹ: ರಚನೆ ಮತ್ತು ಕಾರ್ಯ

ನಾವು ಸೇವಿಸುವ ಆಹಾರವು ಜೀರ್ಣವಾಗಿ, ರಕ್ತದ ಮೂಲಕ ಜೀವಕೋಶಗಳನ್ನು ಸೇರಿ, ಶರೀರಕ್ಕೆ ಶಕ್ತಿಯನ್ನು ನೀಡುತ್ತದೆ. ಒಲೆಯಲ್ಲಿ ಕಟ್ಟಿಗೆ ಉರಿದ ಮೇಲೆ ಬೂದಿ ಉಳಿಯುವಂತೆ ಈ ಕ್ರಿಯೆಯಲ್ಲಿಯೂ ಕಲ್ಮಷಗಳು ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದ ಯೂರಿಯಾ, ಯೂರಿಕ್ ಆಮ್ಲ, ಕ್ರಿಯಾಟಿನಿನ್ ಮೊದಲಾದವುಗಳನ್ನು ರಕ್ತದಿಂದ ಬೇರ್ಪಡಿಸಿ ಹೊರಹಾಕುವ ಹೊಣೆ ಮೂತ್ರಾಂಗ ವ್ಯೂಹದ್ದು.

ರಚನೆ

ಎರಡು ಮೂತ್ರಪಿಂಡಗಳು, ಎರಡು ಮೂತ್ರನಾಳಗಳು, ಮೂತ್ರಕೋಶ ಹಾಗೂ ಮೂತ್ರವಿಸರ್ಜನಾ ನಾಳ ಈ ವ್ಯೂಹದ ಭಾಗಗಳು. ಮೂತ್ರಪಿಂಡಗಳು ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಕೆಳಪಕ್ಕೆಲುಬುಗಳ ಮರೆಯಲ್ಲಿವೆ. ಆಕಾರದಲ್ಲಿ ಹುರುಳಿಕಾಯಿಯ ಬೀಜವನ್ನು ಹೋಲುವ ಇವು ಸುಮಾರು 10ರಿಂದ 12 ಸೆಂ.ಮೀ. ಉದ್ದವಾಗಿದ್ದು, ಒಂದೊಂದೂ ಸುಮಾರು 150 ಗ್ರಾಂ ತೂಗುತ್ತದೆ. ಮೇಲೆ ಯಕೃತ್ತು ಇರುವುದರಿಂದ ಬಲಗಡೆಯದು ಎಡಗಡೆಯದಕ್ಕಿಂತ ಸ್ವಲ್ಪ ಕೆಳಗಿರುತ್ತದೆ.

ಮೂತ್ರಪಿಂಡದಿಂದ ಹೊರಡುವ ಮೂತ್ರನಾಳವು ಸುಮಾರು 25 ಸೆಂ.ಮೀ. ಉದ್ದವಿದೆ. ಅದರ ಗೋಡೆಯ ಸ್ನಾಯುಗಳು ಅಲೆಯಂತೆ ಸಂಕುಚಿಸಿ ಮೂತ್ರವನ್ನು ಮುಂದೆ ತಳ್ಳುವುದರಿಂದ ನಾವು ಮಲಗಿದ್ದರೂ ಅದು ಮೂತ್ರಕೋಶವನ್ನು ಸೇರುತ್ತದೆ. ಮೂತ್ರಕೋಶವು ಹಿಗ್ಗಬಲ್ಲ ಚೀಲ. 400ರಿಂದ 500 ಮಿಲಿಲೀಟರಿನಷ್ಟು ಮೂತ್ರವನ್ನು ಹಿಡಿದಿಡಬಲ್ಲದು. ವಿಸರ್ಜನಾ ನಾಳವು ಪುರುಷರಲ್ಲಿ ಸುಮಾರು 20 ಸೆಂ.ಮೀ. ಇದ್ದರೆ ಸ್ತ್ರೀಯರಲ್ಲಿ ಸುಮಾರು 4 ಸೆಂ.ಮೀ. ಮಾತ್ರ. ರೋಗಾಣುಗಳು ಸುಲಭವಾಗಿ ಮೇಲೇರಬಹುದಾದುದರಿಂದ ಮೂತ್ರದ ಸೋಂಕು ಸ್ತ್ರೀಯರಲ್ಲಿ ಹೆಚ್ಚು.

ಶೋಧನಕ್ರಿಯೆ

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನ್ ಎಂಬ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿವೆ. ನೆಫ್ರಾನಿನ ತುದಿಯಲ್ಲಿ ರಕ್ತದ ಲೋಮನಾಳಗಳ ಒಂದು ಗೊಂಚಲು ಬಟ್ಟಲಿನಂತಹ ಕೋಶದಲ್ಲಿ ಕುಳಿತಿರುತ್ತದೆ. 1842ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಬೌಮನ್ ಅವರ ಹೆಸರಿನಿಂದ ಈ ಬಟ್ಟಲನ್ನು ಬೌಮನ್ ಕೋಶವೆಂದು ಕರೆಯುತ್ತಾರೆ. ಇಲ್ಲಿ ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ರಕ್ತದಲ್ಲಿಯೇ ಉಳಿದು, ನೀರು, ಲವಣ, ಸಕ್ಕರೆ, ಯೂರಿಯಾಗಳು ಮಾತ್ರ ಸೋಸಿ ಇಳಿಯುತ್ತವೆ.

ಹೀಗೆ ಇಳಿಯುವ ದ್ರವದ ಪ್ರಮಾಣ ದಿನಕ್ಕೆ ಸುಮಾರು 180 ಲೀಟರ್! ಆದರೆ ನಾವು ವಿಸರ್ಜಿಸುವ ಮೂತ್ರವು ಒಂದೂವರೆ ಲೀಟರಿನ ಆಸುಪಾಸು ಮಾತ್ರ. ಉಳಿದುದೆಲ್ಲವನ್ನೂ ನೆಫ್ರಾನಿನ ಉದ್ದನೆಯ ನಳಿಕೆಯು ಮರಳಿ ರಕ್ತಕ್ಕೆ ಒಪ್ಪಿಸುತ್ತದೆ. ಬೇಡವಾದುದನ್ನು ಹೊರಹಾಕುವುದು ಎಷ್ಟು ಮುಖ್ಯವೋ ಬೇಕಾದುದನ್ನು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ.

ಇತರ ಕಾರ್ಯಗಳು

ಶರೀರದ ನೀರು, ಲವಣ, ಆಮ್ಲಾಂಶಗಳ ಸಮತೋಲನವನ್ನು ಕಾಪಾಡುವುದು, ರೆನಿನ್ ಸ್ರವಿಸಿ ರಕ್ತದೊತ್ತಡವನ್ನು ನಿಯಂತ್ರಿಸುವುದು, ಎರಿತ್ರೋಪೊಯೆಟಿನ್ ಎಂಬ ಹಾರ್ಮೋನಿನಿಂದ ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಪ್ರಚೋದಿಸುವುದು, ಮೂಳೆಗಳಿಗೆ ಅವಶ್ಯವಾದ ‘ಡಿ’ ಜೀವಸತ್ವವನ್ನು ಕಾರ್ಯಶೀಲಗೊಳಿಸುವುದು ಇವೂ ಮೂತ್ರಪಿಂಡಗಳ ಕೆಲಸಗಳೇ. ಆದುದರಿಂದಲೇ ಅವು ಕೆಟ್ಟವರಲ್ಲಿ ರಕ್ತಹೀನತೆ, ಮೂಳೆಯ ದೌರ್ಬಲ್ಯಗಳೂ ಕಾಣಿಸಿಕೊಳ್ಳುತ್ತವೆ.

ನೋವಿಲ್ಲದ ಹಾನಿ

ಮೂತ್ರಪಿಂಡದಲ್ಲಿ ಕಲ್ಲಾದರೆ ಸಹಿಸಲಾಗದ ನೋವು ಬಂದು ನಾವು ವೈದ್ಯರಲ್ಲಿಗೆ ಧಾವಿಸುತ್ತೇವೆ. ಆದರೆ ಮಧುಮೇಹ ಮತ್ತು ಅಧಿಕ ರಕ್ತದೊತ್ತಡಗಳು ನೆಫ್ರಾನುಗಳನ್ನು ವರ್ಷಾನುಗಟ್ಟಲೆ ಕ್ಷೀಣಿಸುತ್ತಿದ್ದರೂ ನೋವಿರುವುದಿಲ್ಲ. ನಾಶವಾದ ನೆಫ್ರಾನು ಮತ್ತೆ ಹುಟ್ಟುವುದೂ ಇಲ್ಲ. ಮುಖ ಊದುವುದು, ಕಾಲು ಬಾಯುವುದು, ಊಟ ಸೇರದಿರುವುದು ಇವೆಲ್ಲ ಸಾಮಾನ್ಯವಾಗಿ ತಡವಾಗಿ ಕಾಣುವ ಲಕ್ಷಣಗಳು. ಕಾರ್ಯಸಾಮರ್ಥ್ಯದ ಅರ್ಧದಷ್ಟು ಕುಗ್ಗುವವರೆಗೂ ರಕ್ತದ ಕ್ರಿಯಾಟಿನಿನ್ ಏರದಿರಬಹುದು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಕಾಣಿಸಿಕೊಳ್ಳುವುದು ಅದಕ್ಕೂ ಮುಂಚಿನ ಸೂಚನೆ. ಆದ್ದರಿಂದ ಮಧುಮೇಹ ಅಥವಾ ರಕ್ತದೊತ್ತಡವಿರುವವರು ವರ್ಷಕ್ಕೊಮ್ಮೆಯಾದರೂ ರಕ್ತ ಮತ್ತು ಮೂತ್ರ ಎರಡನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು. ಆರಂಭದಲ್ಲಿಯೇ ತಿಳಿದರೆ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ತಡವಾದರೆ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡವೇ ಗತಿಯಾದೀತು.

ಪಾಲಿಸಬೇಕಾದ ನಿಯಮಗಳು

ಆರೋಗ್ಯವಂತರು ಬಾಯಾರಿಕೆಗೆ ತಕ್ಕಂತೆ ನೀರು ಕುಡಿಯಬೇಕು. ಮೂತ್ರವು ತಿಳಿಹಳದಿಯಾಗಿದ್ದರೆ ಸಾಕಷ್ಟು ಕುಡಿದಿದ್ದೇವೆಂದು ತಿಳಿಯಬಹುದು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ಬೆವರಿಗೆ ಅನುಗುಣವಾಗಿ ಹೆಚ್ಚು ಕುಡಿಯುವುದು ಅವಶ್ಯ. ಆದರೆ ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯುಳ್ಳವರು ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು.

ಜಾತ್ರೆ, ಪ್ರಯಾಣಗಳಲ್ಲಿ ಶೌಚಾಲಯದ ಅನುಕೂಲವಿಲ್ಲವೆಂದು ತಾಯಂದಿರು ನೀರನ್ನೇ ಕುಡಿಯದೆ, ಮೂತ್ರವನ್ನು ತಡೆದುಕೊಳ್ಳುವುದುಂಟು. ಇದು ಸೋಂಕಿಗೆ ದಾರಿ. ಉತ್ಸವಗಳನ್ನು ಏರ್ಪಡಿಸುವ ನಾವೆಲ್ಲರೂ ಪ್ರಸಾದದ ವ್ಯವಸ್ಥೆಯಷ್ಟೇ ಶ್ರದ್ಧೆಯಿಂದ ಶೌಚಾಲಯದ ವ್ಯವಸ್ಥೆಯನ್ನೂ ಮಾಡಬೇಕಾಗಿದೆ.

ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳ ಲೆಕ್ಕವೂ ಅದರಲ್ಲಿಯೇ ಸೇರಿದೆ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಗಳನ್ನು ದಿನವೂ ನುಂಗುವುದೂ, ಮೂಲ ತಿಳಿಯದ ಪುಡಿ ಭಸ್ಮಗಳನ್ನು ಸೇವಿಸುವುದೂ ಮೂತ್ರಪಿಂಡಗಳಿಗೆ ಮಾರಕವಾಗಬಲ್ಲವು.

ಸದ್ದಿಲ್ಲದೆ ಹಗಲಿರುಳು ಕಾಯಕ ಮಾಡುವ ಈ ಅಂಗಗಳು ತಮ್ಮ ದಣಿವನ್ನು ತಾವಾಗಿ ಹೇಳುವುದಿಲ್ಲ. ಕಾಲಕಾಲಕ್ಕೆ ಪರೀಕ್ಷಿಸಿ ಅರಿತುಕೊಳ್ಳುವುದು ನಮ್ಮ ಕರ್ತವ್ಯ.